ಜೂನಿಯರ್ ಮಕ್ಕಳನ್ನು ಸೀನಿಯರ್ ನ್ಯಾಷನಲ್ಸ್‌ಗೂ ಇಳಿಸಬೇಕಾ? ಕಲಬುರಗಿ, ಬೀದರ್, ಯಾದಗಿರಿ ಪಾಲಕರಿಗೊಂದು ಹೋಲಿಕೆ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಾಗಲಿ, ಬೀದರ್‌ನ ನೆಹರೂ ಕ್ರೀಡಾಂಗಣವಾಗಲಿ, ಅಥ್ಲೆಟಿಕ್ಸ್ ಕೂಟ ಮುಗಿದ ಸಂಜೆ ಪಾಲಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ, ನಮ್ಮ ಹುಡುಗಿ ಜೂನಿಯರ್ ಸ್ಟೇಟ್‌ನಾಗ ಮೆಡಲ್ ತಂದಾಳ. ಸೀನಿಯರ್‌ಗೂ ಹೆಸರು ಕೊಡೋಣೇನ್ರಿ?" ಒಬ್ಬ ಕೋಚ್ ಇಳಿಸಿ ಅಂತಾರೆ. ಇನ್ನೊಬ್ಬರು ಹುಡುಗಿ ಹಾಳಾಗ್ತಾಳೆ ಅಂತಾರೆ. ನಡುವೆ ಸೋದರಮಾವ ಫೋನ್ ಮಾಡಿ ಸೀನಿಯರ್ ಸರ್ಟಿಫಿಕೇಟ್ ಇದ್ದರೆ ರೈಲ್ವೆ ನೌಕರಿ ಗ್ಯಾರಂಟಿ ಅಂತಾನೆ. ಪಾಲಕರು ಕಂಗಾಲು.

ಪಾಲಕರ ಮುಂದೆ ಇರುವ ದಾರಿ ನಾಲ್ಕು. ಒಂದು, ಜೂನಿಯರ್ ವಯಸ್ಸು, ಅಂದರೆ ಅಂಡರ್-20, ಮುಗಿಯುವವರೆಗೆ ಜೂನಿಯರ್ ಕೂಟಗಳಲ್ಲಿ ಮಾತ್ರ ಆಡಿಸುವುದು. ಎರಡು, ಜೂನಿಯರ್ ಜತೆಗೆ ಸೀನಿಯರ್ ನ್ಯಾಷನಲ್ಸ್‌ಗೂ, ಅಂದರೆ ಫೆಡರೇಶನ್ ಕಪ್, ಇಂಟರ್‌ಸ್ಟೇಟ್, ನ್ಯಾಷನಲ್ ಓಪನ್‌ನಂಥ ದೊಡ್ಡವರ ರಾಷ್ಟ್ರೀಯ ಕೂಟಗಳಿಗೂ ಹೋಗುವುದು. ಮೂರು, ಜೂನಿಯರ್ ಬಿಟ್ಟು ಪೂರ್ತಿ ಸೀನಿಯರ್‌ಗೆ ಜಿಗಿಯುವುದು. ನಾಲ್ಕು, ನ್ಯಾಷನಲ್ಸ್ ತನಕ ಹೋಗದೆ ಇಲ್ಲೇ ಹತ್ತಿರದಲ್ಲಿ ದೊಡ್ಡವರ ಜತೆ ಆಡಿಸುವುದು. ಈ ನಾಲ್ಕನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ನಮ್ಮ ಭಾಗದ ಜಾಸ್ತಿ ಮಕ್ಕಳಿಗೆ ಸರಿಹೊಂದುವುದು ಅದೇ.

ಯಾವುದು ನಿಮಗೆ ಅನ್ನುವ ಮೊದಲು ನೋಡಬೇಕಾದ ವಿಷಯಗಳಿವೆ. ಮಗು ಮಾಡುವ ಈವೆಂಟ್ ಯಾವುದು, ಈಗಿನ ಮಾರ್ಕ್ (ಓಟದ ಟೈಮ್, ಎಸೆತ-ಜಿಗಿತದ ದೂರ) ಎಷ್ಟು, ಮೈ ಮತ್ತು ಪರೀಕ್ಷೆ ಏನನ್ನುತ್ತವೆ, ಖರ್ಚು ಎಷ್ಟು, ಸರ್ಟಿಫಿಕೇಟ್ ಯಾತಕ್ಕೆ ಬೇಕು. ಪ್ರತಿಭೆ ಆಮೇಲೆ. ಪ್ರತಿಭೆ ಇದೆ ಅಂತಲೇ ತಾನೇ ಈ ಪ್ರಶ್ನೆ ಹುಟ್ಟಿದ್ದು?

ಮೊದಲು ಈವೆಂಟ್ ನೋಡಿ

ಇದನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದಕ್ಕೆ ಕಾರಣ ಇದೆ. ಕೆಲವು ಈವೆಂಟ್‌ಗಳಲ್ಲಿ ಜೂನಿಯರ್, ಸೀನಿಯರ್ ಎರಡೂ ಒಂದೇ ಆಟ. ಕೆಲವದರಲ್ಲಿ ಬೇರೆ ಬೇರೆ ಆಟ.

ಅಂಡರ್-20 ಹುಡುಗಿಯರ ವಿಷಯ ಸುಲಭ. ಗುಂಡು 4 ಕೆಜಿ, ಚಕ್ರ 1 ಕೆಜಿ, ಜಾವೆಲಿನ್ 600 ಗ್ರಾಂ, 100 ಮೀಟರ್ ಹರ್ಡಲ್ಸ್‌ನ ಎತ್ತರ 83.8 ಸೆಂ.ಮೀ. ಎಲ್ಲವೂ ಸೀನಿಯರ್ ಮಹಿಳೆಯರದ್ದೇ ಅಳತೆ. ಎದುರಾಳಿ ಬದಲಾಗುತ್ತಾಳೆ, ಸಾಮಾನು ಬದಲಾಗುವುದಿಲ್ಲ. ಅಂಡರ್-18 ಹುಡುಗಿಯರಿಗೆ ಮಾತ್ರ ಗುಂಡು 3 ಕೆಜಿ, ಜಾವೆಲಿನ್ 500 ಗ್ರಾಂ, ಹರ್ಡಲ್ಸ್ 76.2 ಸೆಂ.ಮೀ.

ಹುಡುಗರ ಕಥೆ ಬೇರೆ. ಅಂಡರ್-18ರಲ್ಲಿ ಗುಂಡು 5 ಕೆಜಿ, ಅಂಡರ್-20ರಲ್ಲಿ 6 ಕೆಜಿ, ಸೀನಿಯರ್‌ನಲ್ಲಿ 7.26 ಕೆಜಿ. ಚಕ್ರ ಒಂದೂವರೆ ಕೆಜಿಯಿಂದ 1.75ಕ್ಕೆ, ಅಲ್ಲಿಂದ 2 ಕೆಜಿಗೆ ಏರುತ್ತದೆ. ಹ್ಯಾಮರ್ ಕೂಡ ಗುಂಡಿನ ಹಾಗೆಯೇ. ಜಾವೆಲಿನ್ ಮಾತ್ರ ಅಂಡರ್-20ರಲ್ಲೇ 800 ಗ್ರಾಂ, ಅಂದರೆ ಸೀನಿಯರ್ ತೂಕಕ್ಕೆ ಬಂದಿರುತ್ತದೆ.

ಒಂದೂಕಾಲು ಕೆಜಿ ಏನು ಮಹಾ ಅನ್ನಿಸಬಹುದು. 6 ಕೆಜಿ ಗುಂಡಿಗೆ ಒಗ್ಗಿದ ಹುಡುಗನ ಕೈಗೆ 7.26 ಕೊಟ್ಟು ಹತ್ತಿರ ನಿಂತು ನೋಡಿ. ಬೆರಳ ಬುಡದಲ್ಲಿ ಕೂರಬೇಕಾದ ಗುಂಡು ಅಂಗೈಗೆ ಜಾರುತ್ತದೆ. ಕುತ್ತಿಗೆಯಿಂದ ಬೇಗ ಬಿಡುತ್ತದೆ. ಮೊಣಕೈ ಕೆಳಗಿಳಿಯುತ್ತದೆ. ದೂಡುವ ಬದಲು ಹುಡುಗ ಎಸೆಯೋಕೆ ಶುರು ಮಾಡುತ್ತಾನೆ, ಹೊರೆ ಭುಜಕ್ಕೂ ಮೊಣಕೈಗೂ ಬೀಳುತ್ತದೆ. ಎರಡು ವಾರ ಹಾಗೆ ಆಡಿ ಮತ್ತೆ 6 ಕೆಜಿಗೆ ಬಂದರೆ ಕೆಟ್ಟ ಅಭ್ಯಾಸವೂ ಜತೆಗೇ ಬರುತ್ತದೆ. ಅದೇ ತಿಂಗಳು ಜೂನಿಯರ್ ನ್ಯಾಷನಲ್ಸ್ ಇದ್ದರೆ ಎರಡೂ ಹೋದ ಹಾಗೆ.

ಹುಡುಗರ 110 ಮೀಟರ್ ಹರ್ಡಲ್ಸ್ ಇನ್ನೂ ಕಷ್ಟ. ಅಂಡರ್-18ಕ್ಕೆ 91.4 ಸೆಂ.ಮೀ., ಅಂಡರ್-20ಕ್ಕೆ 99.1, ಸೀನಿಯರ್‌ಗೆ 106.7. ಒಂದೊಂದು ಮೆಟ್ಟಿಲಿಗೂ ಹೆಚ್ಚುಕಡಿಮೆ ನಾಲ್ಕು ಬೆರಳು. ಹರ್ಡಲ್‌ಗಳ ನಡುವಿನ ದೂರ ಮಾತ್ರ ಎಲ್ಲರಿಗೂ ಅದೇ 9.14 ಮೀಟರ್. ನಡುವೆ ಇಡಬೇಕಾದ ಹೆಜ್ಜೆ ಮೂರು. ಎತ್ತರ ಜಾಸ್ತಿಯಾದಾಗ ಹುಡುಗ ಮೇಲಕ್ಕೆ ಹಾರುತ್ತಾನೆ, ಇಳಿಯುವುದು ತಡವಾಗುತ್ತದೆ, ವೇಗ ಸಾಯುತ್ತದೆ. ಮೂರನೇ ಹೆಜ್ಜೆ ಮುಂದಿನ ಹರ್ಡಲ್‌ಗೆ ಮುಟ್ಟುವುದಿಲ್ಲ, ನಾಲ್ಕನೆಯದು ನುಸುಳುತ್ತದೆ. ಐದನೇ ಹರ್ಡಲ್ ಹೊತ್ತಿಗೆ ಮಂಡಿ ಬಡಿಯೋಕೆ ಶುರು. 400 ಮೀಟರ್ ಹರ್ಡಲ್ಸ್‌ನಲ್ಲಿ ಈ ತಾಪತ್ರಯ ಇಲ್ಲ. ಅಂಡರ್-20, ಸೀನಿಯರ್ ಎರಡಕ್ಕೂ 91.4 ಸೆಂ.ಮೀ.

ಓಟ ಮತ್ತು ಜಿಗಿತದಲ್ಲಿ ಸಾಮಾನಿನ ಪ್ರಶ್ನೆ ಇಲ್ಲ. 400 ಮೀಟರ್ ಎಲ್ಲರಿಗೂ 400 ಮೀಟರೇ, ಉದ್ದ ಜಿಗಿತದ ಹಲಗೆ ಎಲ್ಲರಿಗೂ ಒಂದೇ.

ಈಗ ಎಲ್ಲರೂ ಉದಾಹರಣೆ ಕೊಡುವ ಹೆಸರುಗಳಿಗೆ ಬರೋಣ. ಹಿಮಾ ದಾಸ್ 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೊಡ್ಡವರ ಜತೆ 400 ಮೀಟರ್ ಓಡಿ ಆರನೆಯವರಾದರು. ಜುಲೈನಲ್ಲಿ ಫಿನ್‌ಲ್ಯಾಂಡ್‌ನ ಟಾಂಪೆರೆಯಲ್ಲಿ 51.46 ಸೆಕೆಂಡ್‌ನಲ್ಲಿ ಅಂಡರ್-20 ವಿಶ್ವ ಚಿನ್ನ ಗೆದ್ದರು. ಆಗಸ್ಟ್‌ನಲ್ಲಿ ಏಷ್ಯನ್ ಗೇಮ್ಸ್ ಬೆಳ್ಳಿ, 50.79. ನೀರಜ್ ಚೋಪ್ರಾ 2016ರ ಫೆಬ್ರವರಿಯಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕೂಟದಲ್ಲಿ 82.23 ಮೀಟರ್ ಎಸೆದು ಚಿನ್ನ ತಂದರು. ಅದೇ ವರ್ಷ ಜುಲೈನಲ್ಲಿ ಪೋಲೆಂಡ್‌ನಲ್ಲಿ 86.48 ಮೀಟರ್ ಎಸೆದು ಜೂನಿಯರ್ ವಿಶ್ವ ದಾಖಲೆ ಮಾಡಿದರು. ಬೆಂಗಳೂರಿನಲ್ಲಿ ತರಬೇತಿ ಪಡೆದ ಶೈಲಿ ಸಿಂಗ್ 2021ರ ಜೂನ್‌ನಲ್ಲಿ ಸೀನಿಯರ್ ಇಂಟರ್‌ಸ್ಟೇಟ್‌ನಲ್ಲಿ 6.48 ಮೀಟರ್ ಜಿಗಿದು ಗೆದ್ದರು. ಆಗಸ್ಟ್‌ನಲ್ಲಿ ನೈರೋಬಿಯ ಅಂಡರ್-20 ವಿಶ್ವ ಕೂಟದಲ್ಲಿ 6.59, ಬೆಳ್ಳಿ. ಚಿನ್ನ ಒಂದೇ ಸೆಂಟಿಮೀಟರ್‌ನಿಂದ ತಪ್ಪಿತು.

ಮೂವರೂ ಎರಡೂ ಕಡೆ ಆಡಿದವರೇ, ನಿಜ. ಅವರ ಈವೆಂಟ್‌ಗಳನ್ನು ಗಮನಿಸಿ. 400 ಮೀಟರ್, ಜಾವೆಲಿನ್, ಉದ್ದ ಜಿಗಿತ. ಮೂರರಲ್ಲೂ ಅಂಡರ್-20, ಸೀನಿಯರ್ ಅಳತೆ ಒಂದೇ. ಈ ಹೆಸರುಗಳನ್ನು ತೋರಿಸಿ ಹುಡುಗನ ಕೈಗೆ 7.26 ಕೆಜಿ ಗುಂಡು ಕೊಡಿಸುವವರ ಮಾತು ಕೇಳಬೇಡಿ.

ಈ ಚರ್ಚೆ ನಮ್ಮ ಆಟದ್ದು ಮಾತ್ರವಲ್ಲ. ಮಂಜುಗಡ್ಡೆ ಮೇಲೆ ಜೋಡಿಯಾಗಿ ಆಡುವ ಐಸ್ ಡ್ಯಾನ್ಸ್‌ನಲ್ಲೂ ಜೂನಿಯರ್ ಜೋಡಿಗಳು ಸೀನಿಯರ್ ನ್ಯಾಷನಲ್ಸ್‌ಗೆ ಇಳಿಯಬೇಕಾ ಅಂತ ವಾದ ನಡೆಯುತ್ತದೆ. ಅಲ್ಲಿ ಫ್ರೀ ಡ್ಯಾನ್ಸ್ ಅನ್ನುವ ಸುತ್ತು ಜೂನಿಯರ್‌ಗೆ ಮೂರೂವರೆ ನಿಮಿಷ, ಸೀನಿಯರ್ ನಾಲ್ಕು ನಿಮಿಷ. ಒಂದೇ ಸೀಸನ್‌ನಲ್ಲಿ ಎರಡೂ ಕಡೆ ಆಡಬೇಕೆಂದರೆ ಕಲಿತ ಡ್ಯಾನ್ಸನ್ನೇ ಬಿಚ್ಚಿ ಹೊಸದಾಗಿ ಜೋಡಿಸಬೇಕು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವಂತೂ ತನ್ನ ಸೀನಿಯರ್ ಕೂಟಗಳ ಕನಿಷ್ಠ ವಯಸ್ಸನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಿತು. 2024-25ರಿಂದ ಅದೇ ನಿಯಮ. ಮಕ್ಕಳ ಮೈ, ಮನಸ್ಸು ಎರಡರ ಆರೋಗ್ಯಕ್ಕಾಗಿ ಈ ಕ್ರಮ ಅಂತ ಅದು ಹೇಳಿತು. ನಮ್ಮ ಆಟದ ವಿಶ್ವ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಕೂಡ ತನ್ನ ವಿಶ್ವ ಚಾಂಪಿಯನ್‌ಶಿಪ್‌ಗೆ 16 ತುಂಬದವರನ್ನು ಸೇರಿಸುವುದಿಲ್ಲ, ಅಂಡರ್-20ರವರಿಗೆ ಮ್ಯಾರಥಾನ್ ಕೊಡುವುದಿಲ್ಲ.

ಮಾರ್ಕ್ ಸುಳ್ಳು ಹೇಳುವುದಿಲ್ಲ

ಸೀನಿಯರ್ ನ್ಯಾಷನಲ್ಸ್‌ಗೆ ಸುಮ್ನೆ ಹೋಗಿ ನಿಲ್ಲಲಾಗುವುದಿಲ್ಲ. ಅರ್ಹತಾ ಮಾರ್ಕ್ ಇರುತ್ತದೆ, ರಾಜ್ಯ ಸಂಸ್ಥೆಯ ಮೂಲಕ ಹೆಸರು ಹೋಗಬೇಕು. ಅರ್ಹತೆ ಸಿಕ್ಕಿತು ಅಂದಮಾತ್ರಕ್ಕೆ ಹೋಗಲೇಬೇಕು ಅಂತಲೂ ಇಲ್ಲ.

ಎಸೆತ, ಉದ್ದ ಜಿಗಿತಗಳ ಫೈನಲ್‌ನಲ್ಲಿ ಎಲ್ಲರಿಗೂ ಮೊದಲು ಮೂರು ಅವಕಾಶ. ಮುಂದಿನ ಮೂರು ಅವಕಾಶ ಮೊದಲ ಎಂಟು ಮಂದಿಗೆ ಮಾತ್ರ. ಓಟದಲ್ಲಿ ಒಂದೇ ಒಂದು ಫಾಲ್ಸ್ ಸ್ಟಾರ್ಟ್, ಹೊರಗೆ. ಅಂದರೆ ಎರಡು ದಿನ ರೈಲಿನಲ್ಲಿ ಕೂತು ಹೋದ ಮಗು ಮೂರು ಎಸೆತ ಎಸೆದೋ, ಪಿಸ್ತೂಲಿನ ಸದ್ದಿಗೆ ಮೊದಲೇ ಕಾಲು ಅಲುಗಿಸಿಯೋ ವಾಪಸ್ ಬರಬಹುದು. ಹಿಂದಿನ ವರ್ಷದ ಸೀನಿಯರ್ ಕೂಟದ ಫಲಿತಾಂಶ ತೆಗೆದು ಎಂಟನೇ ಸ್ಥಾನದ ಮಾರ್ಕ್ ನೋಡಿ. ನಿಮ್ಮ ಮಗು ಕೂಟದಲ್ಲಿ ಮಾಡಿದ ಮಾರ್ಕ್ ಅದರ ಹತ್ತಿರ ಇದ್ದರೆ ಹೋಗುವುದಕ್ಕೆ ಅರ್ಥ ಇದೆ. ಪ್ರಾಕ್ಟೀಸ್‌ನಲ್ಲಿ ಒಮ್ಮೆ ಬಿದ್ದ ಮಾರ್ಕ್ ಬೇಡ. ಮೊಬೈಲ್ ಸ್ಟಾಪ್‌ವಾಚಿನ ಟೈಮಂತೂ ಬೇಡವೇ ಬೇಡ.

ಪ್ರಿಯಾ ಮೋಹನ್ ಕರ್ನಾಟಕದವರು. 2021ರ ನೈರೋಬಿಯಲ್ಲಿ ಮಿಶ್ರ ರಿಲೇ ಕಂಚು ತಂದ ತಂಡದಲ್ಲಿದ್ದರು, 400 ಮೀಟರ್‌ನಲ್ಲಿ 52.77 ಓಡಿ ನಾಲ್ಕನೆಯವರಾದರು. ಅಂಥ ಟೈಮ್ ಇರುವ ಹುಡುಗಿಗೆ ಸೀನಿಯರ್‌ಗೆ ಹೋಗು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗೊಂದಲ ಇರುವುದು ಅದಕ್ಕಿಂತ ಮೂರು ನಾಲ್ಕು ಸೆಕೆಂಡ್ ಹಿಂದೆ ಇರುವವರಿಗೆ. ಅವರಿಗೆ ನನ್ನ ಉತ್ತರ: ಈ ವರ್ಷ ಬೇಡ.

ಮೈ, ಪರೀಕ್ಷೆ, ಬಿಸಿಲು

ಜೂನಿಯರ್ ಸೀಸನ್‌ಗೆ ಒಂದು, ಸೀನಿಯರ್‌ಗೆ ಒಂದು ಅಂತ ಮೈಯನ್ನು ವರ್ಷದಲ್ಲಿ ಹಲವು ಸಲ ತುತ್ತತುದಿಗೆ ತರಲಾಗುವುದಿಲ್ಲ. ಫೆಡರೇಶನ್ ಕಪ್ ಏಪ್ರಿಲ್-ಮೇ ಹೊತ್ತಿಗೆ ಬರುತ್ತದೆ. ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ. ನಮ್ಮಲ್ಲಿ ಏಪ್ರಿಲ್ ಅಂದರೆ 42 ಡಿಗ್ರಿ, ಬೆಳಗ್ಗೆ ಎಂಟರ ಮೇಲೆ ಟ್ರ್ಯಾಕ್ ಮೇಲೆ ನಿಲ್ಲುವ ಹಾಗಿಲ್ಲ. ಫೆಬ್ರವರಿ ಪೂರ್ತಿ ಓದಿ, ಮಾರ್ಚ್‌ನಲ್ಲಿ ಪರೀಕ್ಷೆ ಬರೆದ ದ್ವಿತೀಯ ಪಿಯು ಹುಡುಗಿಯನ್ನು ಏಪ್ರಿಲ್‌ನ ಸೀನಿಯರ್ ಕೂಟಕ್ಕೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಜೂನ್ ನಂತರದ ಇಂಟರ್‌ಸ್ಟೇಟ್ ಅಥವಾ ನ್ಯಾಷನಲ್ ಓಪನ್ ಆದರೆ ನೋಡಬಹುದು.

ಎತ್ತರ ಇನ್ನೂ ಬೆಳೆಯುತ್ತಿದ್ದರೆ, ಮಂಡಿ ಕೆಳಗೆ ಅಥವಾ ಕಾಲಿನ ಮುಂದಿನ ಎಲುಬಿನಲ್ಲಿ ನೋವು ಬಂದು ಹೋಗುತ್ತಿದ್ದರೆ ಈ ಚರ್ಚೆಯನ್ನೇ ಮುಂದಿನ ವರ್ಷಕ್ಕೆ ಹಾಕಿ. ಮೊದಲು ಡಾಕ್ಟರಿಗೆ ತೋರಿಸಿ.

ಪಾಲಕರಿಗೆ ಗೊತ್ತೇ ಇಲ್ಲದ ಇನ್ನೊಂದು ಸಂಗತಿ ಇದೆ. ಉದ್ದೀಪನ ಮದ್ದಿನ ನಿಯಮದಲ್ಲಿ ಮಕ್ಕಳಿಗೆ ಸ್ವಲ್ಪ ರಕ್ಷಣೆ ಇದೆ. 16 ತುಂಬದವರಿಗೆ ಅದು ಸಿಗುತ್ತದೆ. 16, 17ರವರಿಗೂ ಸಿಗುತ್ತದೆ, ಆದರೆ ಎರಡು ಷರತ್ತು: ಹೆಸರು ನಿಯಮಿತ ಪರೀಕ್ಷೆಯ ಪಟ್ಟಿಯಲ್ಲಿ ಇರಬಾರದು, ವಯಸ್ಸಿನ ಮಿತಿ ಇಲ್ಲದ ಅಂತರರಾಷ್ಟ್ರೀಯ ಕೂಟದಲ್ಲಿ ಆಡಿರಬಾರದು. ಅಂಥ ಅಂತರರಾಷ್ಟ್ರೀಯ ಕೂಟದಲ್ಲಿ ಒಮ್ಮೆ ಆಡಿದರೆ 17ರ ಹುಡುಗಿಗೂ ದೊಡ್ಡವರ ಲೆಕ್ಕವೇ. ಸೀನಿಯರ್ ನ್ಯಾಷನಲ್ಸ್‌ನಲ್ಲಿ ಆಡಿದ ಮಾತ್ರಕ್ಕೆ ಈ ರಕ್ಷಣೆ ಹೋಗುವುದಿಲ್ಲ. ಆದರೆ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಅಧಿಕಾರಿಗಳು ಅಲ್ಲಿ ಇರುತ್ತಾರೆ, ಮಗುವಿನ ಮಾದರಿ ಕೇಳಬಹುದು. ಜಿಮ್‌ನ ಅಣ್ಣ ಕೊಟ್ಟ ಪೌಡರ್, ನೆಗಡಿಗೆ ಮೆಡಿಕಲ್‌ನಲ್ಲಿ ಕೇಳಿ ತಂದ ಮಾತ್ರೆ, ಎರಡೂ ಮನೆಯಿಂದ ಹೊರಗಿರಲಿ. ಜೋಳದ ರೊಟ್ಟಿ, ಬೇಳೆ, ಮೊಟ್ಟೆ, ಶೇಂಗಾ ತಿಂದವರು ಯಾವ ಪರೀಕ್ಷೆಗೂ ಹೆದರಬೇಕಾಗಿಲ್ಲ.

ಖರ್ಚು

ಜೂನಿಯರ್ ಮತ್ತು ಸೀನಿಯರ್ ಎರಡಕ್ಕೂ ಹೋಗುವುದೆಂದರೆ ಪ್ರಯಾಣ ಎರಡುಪಟ್ಟು. ಸೀನಿಯರ್ ಫೆಡರೇಶನ್ ಕಪ್ 2023ರಲ್ಲಿ ರಾಂಚಿಯಲ್ಲಿ, 2024ರಲ್ಲಿ ಭುವನೇಶ್ವರದಲ್ಲಿ, 2025ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಕಲಬುರಗಿಯಿಂದ ಮೂರೂ ದೂರವೇ. ಜತೆಗೆ ಒಬ್ಬ ಪಾಲಕರು ಹೋಗಬೇಕು, ಅವರ ಟಿಕೆಟ್, ರೂಮು, ಊಟ ನಿಮ್ಮದೇ. ರಾಜ್ಯ ತಂಡದ ಜತೆ ಹೋದರೆ ಮಗುವಿಗೆ ಏನೇನು ಸಿಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಕೂಲಿ ಅಥವಾ ಅಂಗಡಿ ನಂಬಿದವರು ಕಳೆದುಕೊಳ್ಳುವ ದಿನದ ಗಳಿಕೆಯನ್ನೂ ಸೇರಿಸಿ ಲೆಕ್ಕ ಹಾಕಿ. ಜಾವೆಲಿನ್ ಮಕ್ಕಳಿಗೆ ಇನ್ನೊಂದು ಗೋಳು, ಆ ಉದ್ದದ ಸಾಮಾನನ್ನು ಸ್ಲೀಪರ್ ಬೋಗಿಯಲ್ಲಿ ಎಲ್ಲಿ ಇಡುವುದು ಅನ್ನುವುದು!

ಕೂಟ ನಮ್ಮ ರಾಜ್ಯಕ್ಕೇ ಬಂದರೆ ಲೆಕ್ಕ ಬದಲಾಗುತ್ತದೆ. 2024ರ ನ್ಯಾಷನಲ್ ಓಪನ್ ಬೆಂಗಳೂರಿನ ಕಂಠೀರವದಲ್ಲೇ ನಡೆದಿತ್ತು. ಒಂದು ರಾತ್ರಿಯ ರೈಲು, ಅಷ್ಟೆ. ಅಂಥ ವರ್ಷ ಮಾರ್ಕ್ ಸ್ವಲ್ಪ ಹಿಂದಿದ್ದರೂ ಹೋಗಿ ಬರಬಹುದು.

ಹೊಲದ ಮನೆಗಳಲ್ಲಿ ಕೈಗೆ ದುಡ್ಡು ಬರುವುದು ತೊಗರಿ ಮಾರಿದ ಮೇಲೆ, ಡಿಸೆಂಬರ್-ಜನವರಿಯ ನಂತರ. ಆ ದುಡ್ಡಿನಲ್ಲಿ ಒಂದು ಸೀನಿಯರ್ ಪ್ರವಾಸ ಮಾಡುವುದೋ, ಒಂದು ಜೊತೆ ಒಳ್ಳೆಯ ಸ್ಪೈಕ್ಸ್ ಮತ್ತು ವರ್ಷವಿಡೀ ಮೊಟ್ಟೆ, ಹಾಲಿಗೆ ಇಡುವುದೋ ಅನ್ನುವ ಪ್ರಶ್ನೆ ಬಂದರೆ, 18ರ ಒಳಗಿನ ಮಗುವಿಗೆ ಎರಡನೆಯದೇ ಸರಿ.

ಸರ್ಟಿಫಿಕೇಟ್ ವಿಷಯದಲ್ಲಿ ಸೋದರಮಾವನನ್ನು ನಂಬಬೇಡಿ. ಸೀಟಿಗಾಗಲಿ ನೌಕರಿಗಾಗಲಿ, ಯಾವ ಮಟ್ಟದ ಕೂಟ, ಎಷ್ಟನೇ ಸ್ಥಾನ ಅಂತ ಆ ವರ್ಷದ ಪ್ರಕಟಣೆಯಲ್ಲಿ ಬರೆದಿರುತ್ತದೆ. ಅದನ್ನು ಓದಿ. ಸ್ಥಾನ ಕೇಳುವ ಕಡೆ ಸೀನಿಯರ್‌ನಲ್ಲಿ ಹದಿನೆಂಟನೆಯವರಾಗಿ ಬಂದದ್ದಕ್ಕಿಂತ ಜೂನಿಯರ್‌ನಲ್ಲಿ ಮೂರನೆಯವರಾಗಿ ಬಂದದ್ದೇ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಯಾವುದು?

ಜೂನಿಯರ್ ಮಾತ್ರ: ಅಂಡರ್-18 ಎಸೆತಗಾರರು, 110 ಮೀಟರ್ ಹರ್ಡಲ್ಸ್ ಹುಡುಗರು, ಬೆಳವಣಿಗೆಯ ನೋವು ಇರುವವರು, ಪರೀಕ್ಷೆಯ ವರ್ಷದಲ್ಲಿರುವವರು. ಇದನ್ನು ಹಿಂಜರಿಕೆ ಅಂದುಕೊಳ್ಳಬೇಡಿ. ಅಂಡರ್-14, ಅಂಡರ್-16 ಮಕ್ಕಳಿಗೆ ರಾಷ್ಟ್ರೀಯ ಅಂತರ ಜಿಲ್ಲಾ ಜೂನಿಯರ್ ಕೂಟವೇ ಇದೆ. ಅಲ್ಲಿ ಜಿಲ್ಲೆಯ ಹೆಸರಲ್ಲಿ ಆಡುತ್ತಾರೆ, ಪ್ರತಿಭೆ ಹುಡುಕುವವರ ಕಣ್ಣು ಬೀಳುವುದೂ ಅಲ್ಲಿಯೇ. ಈ ದಾರಿಯ ದೋಷ ಒಂದೇ. ಜಿಲ್ಲೆಯಲ್ಲಿ ಎಲ್ಲವನ್ನೂ ಸುಲಭವಾಗಿ ಗೆಲ್ಲುವ ಮಗುವಿಗೆ ಸೋಲಿನ ರುಚಿ ಸಿಗುವುದಿಲ್ಲ, ಇಪ್ಪತ್ತು ತುಂಬಿದ ವರ್ಷ ದಿಢೀರ್ ಅಂತ ದೊಡ್ಡವರ ನಡುವೆ ಬಿದ್ದು ಆಟವನ್ನೇ ಬಿಡುವವರಿದ್ದಾರೆ.

ಅದಕ್ಕೆ ಮದ್ದು ನಾಲ್ಕನೇ ದಾರಿ. ದಸರಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಏರುತ್ತದೆ. ಕಲಬುರಗಿಯೇ ಒಂದು ವಿಭಾಗ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ 24 ವರ್ಷದ ಪೊಲೀಸ್ ಹುಡುಗನ ಪಕ್ಕದ ಲೇನಿನಲ್ಲಿ ಓಡಬಹುದು. ಡಿಗ್ರಿಗೆ ಸೇರಿದವರಿಗೆ ತಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟ ಇದೆ. 18ರ ಹುಡುಗ ಅಲ್ಲಿ ಎಂ.ಎ. ಓದುವವರ ಜತೆ ನಿಲ್ಲುತ್ತಾನೆ. ಬಳಿಕ ರಾಜ್ಯ ಸೀನಿಯರ್ ಕೂಟ. ಖರ್ಚು ಕಡಿಮೆ, ಸೋಲು ಬೇಕಾದಷ್ಟು ಸಿಗುತ್ತದೆ, ಸೋತ ಮರುದಿನ ಕಾಲೇಜಿಗೆ ಹೋಗಬಹುದು. ಭಾರದ ಗುಂಡಿನ ಹುಡುಗರು ಮಾತ್ರ ಇಲ್ಲೂ ಎಚ್ಚರ, ತೂಕ ಕೇಳಿಯೇ ಹೆಸರು ಕೊಡಿ.

ಎರಡೂ ಕಡೆ ಆಡಿಸುವುದು ಅಂಡರ್-20 ಹುಡುಗಿಯರಿಗೆ, ಓಟ ಮತ್ತು ಜಿಗಿತದ ಹುಡುಗರಿಗೆ, ಜಾವೆಲಿನ್ ಹುಡುಗರಿಗೆ. ಅದೂ ಸೀನಿಯರ್‌ನ ಎಂಟನೇ ಸ್ಥಾನಕ್ಕೆ ಮಾರ್ಕ್ ಹತ್ತಿರ ಇದ್ದರೆ. ವರ್ಷಕ್ಕೆ ಒಂದೇ ಸೀನಿಯರ್ ನ್ಯಾಷನಲ್ಸ್, ಜೂನಿಯರ್ ಗುರಿಗೆ ಅಡ್ಡ ಬರದ ತಿಂಗಳಲ್ಲಿ. ಹಿಮಾ, ಶೈಲಿ ಇಬ್ಬರಿಗೂ ಸೀನಿಯರ್ ಕೂಟ ಮೊದಲು, ವಿಶ್ವ ಜೂನಿಯರ್ ಆಮೇಲೆ ಬಂತು. ಆದರೆ ಅವರಿಗೆ ಫಿಜಿಯೋ, ಕೋಚ್, ಕ್ಯಾಂಪ್ ಎಲ್ಲ ಇತ್ತು. ಅದಿಲ್ಲದ ಮನೆಗಳಿಗೆ ನಾನು ಹೇಳುವುದು ತಿರುಗುಮುರುಗು: ಜೂನಿಯರ್ ಗುರಿ ಮೊದಲು ಮುಗಿಯಲಿ, ಸೀನಿಯರ್ ಆಮೇಲೆ.

ಜೂನಿಯರ್ ಬಿಟ್ಟು ಸೀನಿಯರ್‌ಗೆ ಜಿಗಿಯುವ ಮಾತು ಬೇಡ. ರಾಷ್ಟ್ರೀಯ ಕ್ಯಾಂಪಿನಿಂದ ಕರೆ ಬಂದವರಿಗೆ ಮಾತ್ರ ಅದು, ಅವರಿಗೆ ಈ ಲೇಖನ ಬೇಕಾಗಿಲ್ಲ.

ನಡುವೆ ಸಿಕ್ಕಿಹಾಕಿಕೊಳ್ಳುವವರು ಅಂಡರ್-20ರ ಕೊನೆಯ ವರ್ಷದಲ್ಲಿರುವ ಗುಂಡು ಎಸೆತದ ಹುಡುಗರು. 2007ರಲ್ಲಿ ಹುಟ್ಟಿದವರು 2026ರ ಡಿಸೆಂಬರ್ 31ರವರೆಗೆ ಅಂಡರ್-20. ಮರುದಿನದಿಂದ 7.26 ಕೆಜಿ ಬಿಟ್ಟರೆ ಗತಿಯಿಲ್ಲ. ಇವರು ಆ ವರ್ಷದ ಜೂನಿಯರ್ ನ್ಯಾಷನಲ್ಸ್ ಮುಗಿಯುವವರೆಗೆ 6 ಕೆಜಿಯಲ್ಲೇ ಇರಲಿ. ಮುಗಿದ ಮರುವಾರ ಭಾರದ ಗುಂಡು ಶುರು ಮಾಡಲಿ. ಮೊದಲು ನಿಂತಲ್ಲಿಂದ ದೂಡುವುದು, ಸುತ್ತುವುದು ಅಥವಾ ಜಾರುವುದು ಆಮೇಲೆ. ಮುಂದಿನ ವರ್ಷದ ಅಂಡರ್-23 ಅವರ ಮೊದಲ ಗುರಿಯಾಗಲಿ, ಸೀನಿಯರ್ ಅದರ ನಂತರ.

ಹೆಸರು ಕೊಡುವುದೇ ಆದರೆ ಅಥ್ಲೆಟಿಕ್ಸ್ ಫೆಡರೇಶನ್‌ನ ನೋಂದಣಿ ಸಂಖ್ಯೆ, ಜನನ ಪ್ರಮಾಣಪತ್ರ, ಆಧಾರ್ ಮೂರರಲ್ಲೂ ಹುಟ್ಟಿದ ದಿನಾಂಕ ಒಂದೇ ಇದೆಯಾ ಅಂತ ಈಗಲೇ ನೋಡಿ. ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1 ಒಂದು ಕಡೆ, ಆಸ್ಪತ್ರೆಯ ನಿಜವಾದ ದಿನಾಂಕ ಇನ್ನೊಂದು ಕಡೆ ಇರುವ ಮಕ್ಕಳು ನಮ್ಮ ಭಾಗದಲ್ಲಿ ಬೇಕಾದಷ್ಟು ಇದ್ದಾರೆ. ಅದನ್ನು ಸರಿಮಾಡಿಸುವುದಕ್ಕೆ ತಹಶೀಲ್ದಾರ್ ಕಚೇರಿ, ಶಾಲೆ ಅಂತ ಓಡಾಡಲು ತಿಂಗಳುಗಳೇ ಬೇಕು. ರೈಲಿನ ಟಿಕೆಟ್ ಆಮೇಲೆ ಬುಕ್ ಮಾಡಿದರಾಯಿತು.